ಫ್ರೆಡ್ ಗೈಸ್‌ಬರ್ಗ್: ಶಾಸ್ತ್ರೀಯ ಸಂಗೀತದ ಆದ್ಯ ಧ್ವನಿಮುದ್ರಕ

ಮೌಖಿಕ ಪರಂಪರೆಗಳ ಅಧ್ಯಯನದಲ್ಲಿ ಧ್ವನಿಮುದ್ರಣವು ಪ್ರಮುಖ ಆಕರವೆಂದು ಮಾನ್ಯವಾಗಿದೆ. ಹಳೆಯ ಗ್ರಾಮಫೋನ್ ತಟ್ಟೆಯೊಂದನ್ನು ಕೇಳುವಾಗ ನಮ್ಮ ಗಮನ ಸಹಜವಾಗಿಯೇ ಹಾಡಿದವರ ಕಡೆಗೆ ಹರಿಯುತ್ತದೆ. ಆ ದನಿಯನ್ನು ಯಾರು ಹಿಡಿದಿಟ್ಟರು, ಯಾವ ಉಪಕರಣದಿಂದ, ಯಾವ ಉದ್ದೇಶಕ್ಕಾಗಿ ಹಿಡಿದಿಟ್ಟರು ಎಂಬ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಸಂಗ್ರಾಹಕನ ಪಾತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಜಾನಪದ ವಿದ್ವಾಂಸರು ಗ್ರಾಮಫೋನ್ ತಟ್ಟೆಗೂ ಅದೇ ಮಾನದಂಡವನ್ನು ಅನ್ವಯಿಸಬೇಕಾಗುತ್ತದೆ. ಈ ದೃಷ್ಟಿಯಿಂದ ಫ್ರೆಡರಿಕ್ ವಿಲಿಯಂ ಗೈಸ್‌ಬರ್ಗ್‌ನ ವೃತ್ತಿಜೀವನವು ವಿಶೇಷ ಪರಿಶೀಲನೆಗೆ ಅರ್ಹವಾದುದು.

ಗೈಸ್‌ಬರ್ಗ್ 1873ರ ಜನವರಿ 1ರಂದು ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಜನಿಸಿದ. ಹದಿಹರೆಯದಲ್ಲಿಯೇ ಕೊಲಂಬಿಯಾ ಫೋನೋಗ್ರಾಫ್ ಕಂಪನಿಯ ಉರುಳೆ ಧ್ವನಿಮುದ್ರಣಗಳಿಗೆ ಪಿಯಾನೋ ಸಾಥಿಯಾಗಿ ದುಡಿದ. ಮುಂದೆ ಚಪ್ಪಟೆ ತಟ್ಟೆಯ ಗ್ರಾಮಫೋನನ್ನು ಕಂಡುಹಿಡಿದ ಎಮಿಲ್ ಬರ್ಲೈನರ್‌ನ ಬಳಗವನ್ನು ಸೇರಿದ. ಆ ಹೊತ್ತಿಗೆ ತಟ್ಟೆಗಳನ್ನು ಗಡಸು ರಬ್ಬರಿನಿಂದ ತಯಾರಿಸಲಾಗುತ್ತಿತ್ತು. ಅವು ಬೇಗ ಡೊಂಕಾಗುತ್ತಿದ್ದವು. ಗುಂಡಿಗಳನ್ನು ತಯಾರಿಸುತ್ತಿದ್ದ ಡ್ಯೂರಿನಾಯ್ಡ್ ಎಂಬ ಕಂಪನಿಯ ಅರಗಿನ ಮಿಶ್ರಣವು ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿತು. ಅರಗಿನ ಪ್ರಮುಖ ನೆಲೆ ಭಾರತವೇ ಆಗಿತ್ತು ಎಂಬುದು ಗಮನಾರ್ಹ. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ನೀಡುವ ಈ ವಸ್ತುವೇ ಅರ್ಧ ಶತಮಾನಕ್ಕೂ ಮಿಕ್ಕಿದ ಕಾಲ ಜಗತ್ತಿನ ಸಂಗೀತವನ್ನು ಹೊತ್ತು ತಿರುಗಿತು.

1898ರಲ್ಲಿ ಗೈಸ್‌ಬರ್ಗ್ ಧ್ವನಿಮುದ್ರಣ ಸಲಕರಣೆಗಳೊಡನೆ ಲಂಡನ್ನಿಗೆ ಬಂದಿಳಿದ. ಹೊಸದಾಗಿ ಸ್ಥಾಪನೆಯಾಗಿದ್ದ ಗ್ರಾಮಫೋನ್ ಕಂಪನಿಗಾಗಿ ಮೇಡನ್ ಲೇನ್ ಎಂಬ ಬೀದಿಯಲ್ಲಿ ಧ್ವನಿಮುದ್ರಣ ಕೊಠಡಿಯನ್ನು ಅಣಿಗೊಳಿಸಿದ. ಅಲ್ಲಿ ಮುದ್ರಿಸಿದ ಮೂಲಗಳಿಂದ ಜರ್ಮನಿಯ ಹ್ಯಾನೋವರ್‌ನ ಕಾರ್ಖಾನೆಯಲ್ಲಿ ತಟ್ಟೆಗಳನ್ನು ಅಚ್ಚೊತ್ತಲಾಗುತ್ತಿತ್ತು.

ಅಂದಿನ ಧ್ವನಿಮುದ್ರಣದಲ್ಲಿ ವಿದ್ಯುತ್ತಿನ ಮಧ್ಯಸ್ಥಿಕೆಯಿರಲಿಲ್ಲ. ಗಾಯಕರು ಲೋಹದ ಕಹಳೆಯೊಂದಕ್ಕೆ ಮುಖವೊಡ್ಡಿ ಹಾಡಬೇಕಿತ್ತು. ಕಹಳೆಯ ಕೊನೆಯ ತೆಳುಪೊರೆ ಧ್ವನಿಗೆ ಕಂಪಿಸಿ, ಅದಕ್ಕೆ ಜೋಡಿಸಿದ ಮೊನೆಯು ತಿರುಗುವ ಮೇಣದ ಫಲಕದ ಮೇಲೆ ಅಲೆಯಾಕಾರದ ಗೀರನ್ನು ಕೊರೆಯುತ್ತಿತ್ತು. ಮಂದ್ರಸ್ವರಗಳೂ ಅತಿತಾರದ ಸೂಕ್ಷ್ಮಗಳೂ ಈ ವ್ಯವಸ್ಥೆಯಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ. ದನಿ ಏರಿದಾಗ ಗಾಯಕರು ಕಹಳೆಯಿಂದ ಹಿಂದೆ ಸರಿಯಬೇಕು, ಇಳಿದಾಗ ಹತ್ತಿರ ಬರಬೇಕು; ಸರಿಯದಿದ್ದರೆ ಧ್ವನಿಮುದ್ರಕನೇ ಅವರನ್ನು ಹಿಡಿದು ಸರಿಸಬೇಕು. ಇಂದು ಯಂತ್ರದ ಗುಂಡಿಗಳು ಮಾಡುವ ಕೆಲಸವನ್ನು ಅಂದು ಮುದ್ರಕನ ಕೈಯೇ ಮಾಡುತ್ತಿತ್ತು. ಆದುದರಿಂದ ಗೈಸ್‌ಬರ್ಗ್‌ನನ್ನು ಕೇವಲ ಇಂಜಿನಿಯರ್ ಎಂದು ಕರೆದರೆ ಸಾಲದು. ಕಲಾವಿದರನ್ನು ಹುಡುಕುವವನು, ಒಪ್ಪಿಸುವವನು, ಅವರ ಭಯ ಬಿಡಿಸುವವನು, ಅಗತ್ಯ ಬಿದ್ದಾಗ ಪಕ್ಕವಾದ್ಯ ನುಡಿಸುವವನು – ಈ ಎಲ್ಲ ಪಾತ್ರಗಳೂ ಆತನಲ್ಲಿ ಬೆರೆತಿದ್ದವು.

1902ರ ಏಪ್ರಿಲ್‌ನಲ್ಲಿ ಮಿಲಾನ್ ನಗರದ ಹೋಟೆಲ್ ಕೋಣೆಯೊಂದರಲ್ಲಿ ಆತ ಎನ್ರಿಕೊ ಕರೂಸೊನ ಹತ್ತು ಗೀತೆಗಳನ್ನು ಮುದ್ರಿಸಿದ. 100 ಪೌಂಡ್ ಸಂಭಾವನೆ ಅತಿಯಾಯಿತೆಂದು ಲಂಡನ್ ಕಚೇರಿಯು ತಡೆದರೂ ತಾನು ಮುಂದುವರಿದೆನೆಂದು ಗೈಸ್‌ಬರ್ಗ್ ತನ್ನ ಸ್ಮೃತಿಕಥನದಲ್ಲಿ ಹೇಳಿಕೊಂಡಿದ್ದಾನೆ. ಈ ತಟ್ಟೆಗಳ ಯಶಸ್ಸಿನಿಂದ ಗ್ರಾಮಫೋನನ್ನು ಆಟಿಕೆಯೆಂದು ಬಗೆದಿದ್ದ ಒಪೆರಾ ಗಾಯಕರ ಧೋರಣೆ ಬದಲಾಯಿತು. 1905ರಲ್ಲಿ ವೃದ್ಧಾಪ್ಯದ ಅಂಚಿನಲ್ಲಿದ್ದ ಅಡೆಲಿನಾ ಪ್ಯಾಟಿಯ ಗಾಯನವನ್ನು ಮುದ್ರಿಸಲು ಫ್ರೆಡ್ ಮತ್ತು ಆತನ ಸಹೋದರ ವಿಲಿಯಂ ಸಲಕರಣೆಗಳನ್ನು ಹೊತ್ತು ವೇಲ್ಸ್‌ನಲ್ಲಿದ್ದ ಆಕೆಯ ಮನೆಗೇ ಹೋದರು. ಕಲಾವಿದರಿದ್ದಲ್ಲಿಗೆ ಯಂತ್ರ ಹೋಗಬೇಕೆಂಬ ಈ ಕ್ರಮ ಕ್ಷೇತ್ರಕಾರ್ಯದ ವಿಧಾನಕ್ಕೆ ಸಮೀಪವಾದುದು.

ಭಾರತದ ದೃಷ್ಟಿಯಿಂದ ಮಹತ್ವದ ಘಟನೆ 1902ರ ಕೊನೆಯಲ್ಲಿ ನಡೆಯಿತು. ಪೌರ್ವಾತ್ಯ ದೇಶಗಳ ಪ್ರವಾಸ ಕೈಗೊಂಡ ಗೈಸ್‌ಬರ್ಗ್ ಮೊದಲು ಕಲ್ಕತ್ತೆಗೆ ಬಂದ. ಅಲ್ಲಿನ ಆಂಗ್ಲರಿಗೆ ದೇಶೀ ಸಂಗೀತದ ಪರಿಚಯವೇ ಇರಲಿಲ್ಲವೆಂದೂ, ಕೊನೆಗೆ ಪೊಲೀಸ್ ಅಧಿಕಾರಿಯ ನೆರವು ಪಡೆದು ರಂಗಮಂದಿರಗಳನ್ನೂ ಗಾನಕೂಟಗಳನ್ನೂ ಸುತ್ತಬೇಕಾಯಿತೆಂದೂ ಆತ ದಾಖಲಿಸಿದ್ದಾನೆ. ತನ್ನ ಸಂಗೀತ ಶಿಕ್ಷಣದ ಬುನಾದಿಯೇ ಇಲ್ಲಿ ಅಲುಗಿತೆಂಬ ಆತನ ಒಪ್ಪಿಗೆಯೂ ಅಲ್ಲಿದೆ. ಆ ನವೆಂಬರ್‌ನಲ್ಲಿ ಮುದ್ರಿತವಾದವರಲ್ಲಿ ಗೌಹರ್ ಜಾನ್ ಪ್ರಮುಖಳು. 1873ರಲ್ಲಿಯೇ ಜನಿಸಿದ್ದ ಈಕೆ ಧ್ವನಿಮುದ್ರಕನ ಸಮವಯಸ್ಕಳು. ಈ ಮೂಲಗಳು ಹ್ಯಾನೋವರ್‌ಗೆ ಹೋಗಿ, ತಟ್ಟೆಗಳಾಗಿ 1903ರಲ್ಲಿ ಭಾರತಕ್ಕೆ ಮರಳಿದವು.

ಗಂಟೆಗಟ್ಟಲೆ ವಿಸ್ತರಿಸಬಲ್ಲ ರಾಗವು ಹತ್ತು ಅಂಗುಲದ ತಟ್ಟೆಯಲ್ಲಿ ಸುಮಾರು ಮೂರು ನಿಮಿಷಕ್ಕೆ ಕುಗ್ಗಬೇಕಾಯಿತು. ಗೌಹರ್ ಜಾನ್ ಆಲಾಪವನ್ನು ಸಂಕ್ಷೇಪಿಸಿ, ಬಂದಿಶನ್ನು ಬೇಗ ಎತ್ತಿಕೊಂಡು, ಚುರುಕಾದ ತಾನಗಳೊಡನೆ ಮುಗಿಸುವ ಕ್ರಮವನ್ನು ರೂಢಿಸಿಕೊಂಡಳು. ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದಳು. ಹ್ಯಾನೋವರ್‌ನ ಕೆಲಸಗಾರರು ಮುದ್ರಿಕೆಯನ್ನು ಗುರುತಿಸಲೆಂದು ಹುಟ್ಟಿದ ಈ ಪದ್ಧತಿ ಕೇಳುಗರ ಪಾಲಿಗೆ ಕಲಾವಿದೆಯ ಅಂಕಿತವೇ ಆಯಿತು. ಇಲ್ಲಿ ಪಠ್ಯವನ್ನು ಸಂಕ್ಷೇಪಿಸಿದವನು ಮುದ್ರಕನಲ್ಲ. ಆತ ಒಡ್ಡಿದ ಮಿತಿಯೊಳಗೆ ಪಠ್ಯವನ್ನು ಹೊಸದಾಗಿ ಕಟ್ಟಿದವಳು ಗಾಯಕಿ. ಸಂಗೀತದ ಒಳಹೊರಗನ್ನರಿಯದ ಮುದ್ರಕ ಮತ್ತು ಯಂತ್ರದ ಪರಿಚಯವಿಲ್ಲದ ಕಲಾವಿದೆ ಪರಸ್ಪರ ಹೊಂದಿಕೊಂಡು ನಿರ್ಮಿಸಿದ ರೂಪವಿದು.

ಕರ್ನಾಟಕಕ್ಕೂ ಈ ಕಥನದೊಡನೆ ನೇರ ಸಂಬಂಧವಿದೆ. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಗೌಹರ್ ಜಾನ್‌ಳನ್ನು ಮೈಸೂರು ಆಸ್ಥಾನಕ್ಕೆ ಬರಮಾಡಿಕೊಂಡರು. ಆಕೆ 1930ರ ಜನವರಿ 17ರಂದು ಮೈಸೂರಿನಲ್ಲಿಯೇ ಕೊನೆಯುಸಿರೆಳೆದಳು. ತಟ್ಟೆಗಳ ಮೂಲಕ ನಾಡಿನಾದ್ಯಂತ ಮನೆಮಾತಾದ ಕಂಠವೊಂದು ಕೊನೆಗಾಲದಲ್ಲಿ ರಾಜಾಶ್ರಯವನ್ನೇ ನೆಮ್ಮಬೇಕಾಯಿತು.

1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಳಕೆಗೆ ಬಂದಾಗ ಕಹಳೆಯ ಸ್ಥಾನವನ್ನು ಮೈಕ್ರೋಫೋನ್ ಆಕ್ರಮಿಸಿತು. ಈ ಪಲ್ಲಟದಲ್ಲಿಯೂ ಗೈಸ್‌ಬರ್ಗ್ ಹಿಂದುಳಿಯಲಿಲ್ಲ; ಕಲಾವಿದರನ್ನು ಆಯ್ದು ಯೋಜನೆ ರೂಪಿಸುವ ಹೊಣೆಯತ್ತ ಹೊರಳಿದ. 1932ರಲ್ಲಿ ಎಲ್ಗಾರ್ ತನ್ನ ವಯೊಲಿನ್ ಕಾನ್ಸರ್ಟೊವನ್ನು ತರುಣ ಯೆಹೂದಿ ಮೆನುಹಿನ್‌ನೊಡನೆ ಮುದ್ರಿಸಿದುದರ ಹಿಂದೆ ಆತನ ಶ್ರಮವಿದೆ. 1938ರ ಜನವರಿಯಲ್ಲಿ ವಿಯೆನ್ನಾದಲ್ಲಿ ಬ್ರೂನೊ ವಾಲ್ಟರ್ ನಿರ್ದೇಶಿಸಿದ ಮಾಹ್ಲರ್‌ನ ಒಂಬತ್ತನೆಯ ಸಿಂಫನಿಯನ್ನು ಕಛೇರಿಯಲ್ಲಿಯೇ ಮುದ್ರಿಸುವ ವ್ಯವಸ್ಥೆ ಮಾಡಿದವನೂ ಈತನೇ. ಎರಡು ತಿಂಗಳೊಳಗೆ ಹಿಟ್ಲರನ ಸೇನೆ ಆಸ್ಟ್ರಿಯವನ್ನು ಪ್ರವೇಶಿಸಿತು. ಯಹೂದಿ ಮೂಲದ ವಾಲ್ಟರ್ ದೇಶಭ್ರಷ್ಟನಾದ. ಒಂದು ಸಂಗೀತ ಸಮುದಾಯ ಚದುರಿಹೋಗುವ ಮುನ್ನಿನ ದನಿ ಆ ತಟ್ಟೆಗಳಲ್ಲಿ ಉಳಿದಿದೆ. 1939ರಲ್ಲಿ ನಿವೃತ್ತನಾದ ಗೈಸ್‌ಬರ್ಗ್ 1942ರಲ್ಲಿ ಸ್ಮೃತಿಕಥನವನ್ನು ಪ್ರಕಟಿಸಿ, 1951ರ ಸೆಪ್ಟೆಂಬರ್ 2ರಂದು ನಿಧನನಾದ.

ಗೈಸ್‌ಬರ್ಗ್‌ನ ಸಾಧನೆಯನ್ನು ಬೆಲೆಗಟ್ಟುವಾಗ ಎರಡು ಅಂಶಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದಾಗಿ, ಆತನ ಉದ್ದೇಶ ಸಂರಕ್ಷಣೆಯಾಗಿರದೆ ಮಾರಾಟವಾಗಿತ್ತು. ಕೊಳ್ಳುವವರಿಲ್ಲವೆಂದು ತೋರಿದ ಹಾಡು ಮೇಣದ ಫಲಕವನ್ನು ತಲುಪಲಿಲ್ಲ. ಹೀಗಾಗಿ ತಟ್ಟೆಗಳ ಪಟ್ಟಿಯನ್ನೇ ಆ ಕಾಲದ ಸಂಗೀತದ ಸಮಗ್ರ ಚಿತ್ರವೆಂದು ಗ್ರಹಿಸುವಂತಿಲ್ಲ. ಎರಡನೆಯದಾಗಿ, ಅಂದಿನ ತಟ್ಟೆಗಳ ತಿರುಗುವೇಗ ಏಕರೂಪವಾಗಿರಲಿಲ್ಲ. ವೇಗದಲ್ಲಿ ಸುಮಾರು ಶೇಕಡ 6ರಷ್ಟು ವ್ಯತ್ಯಾಸವಾದರೂ ಶ್ರುತಿ ಅರ್ಧಸ್ವರದಷ್ಟು ಏರುಪೇರಾಗುತ್ತದೆ. ವೇಗವನ್ನು ಖಚಿತಪಡಿಸಿಕೊಳ್ಳದೆ ಹಿಂದಿನ ಗಾಯಕರ ಶ್ರುತಿ, ಲಯಗಳನ್ನು ಕುರಿತು ತೀರ್ಮಾನಕ್ಕೆ ಬರುವುದು ಅಪಾಯಕಾರಿ. ಗ್ರಂಥಾಲಯಗಳು ಇಂತಹ ತಟ್ಟೆಗಳನ್ನು ಗಣಕೀಕರಿಸುವಾಗ ಬಳಸಿದ ವೇಗವನ್ನೂ ತಟ್ಟೆಯ ಮೇಲೆ ಕೆತ್ತಿರುವ ಸಂಖ್ಯೆಗಳನ್ನೂ ಕಡ್ಡಾಯವಾಗಿ ದಾಖಲಿಸಬೇಕು.

ಈ ಮಿತಿಗಳ ನಡುವೆಯೂ ಗೈಸ್‌ಬರ್ಗ್‌ನ ಕೊಡುಗೆ ಸ್ಥಿರವಾದುದು. ಕುಲೀನ ಸಮಾಜವು ಅಂಗಳದಾಚೆ ನಿಲ್ಲಿಸಿದ್ದ ತವಾಯಫ್ ಗಾಯಕಿಯರ ಕಂಠಗಳು ಆತನ ಕಹಳೆಯ ಮೂಲಕವೇ ಇತಿಹಾಸವನ್ನು ಪ್ರವೇಶಿಸಿದವು. ಲಾಭಕ್ಕಾಗಿ ಕೊರೆದ ಗೀರುಗಳು ಶತಮಾನದ ಬಳಿಕ ದಾಖಲೆಗಳಾಗಿ ನಿಂತಿವೆ. ಆ ದಾಖಲೆಗಳನ್ನು ಹಾಡಿದವರ ಹೆಸರಿನೊಡನೆ, ಮುದ್ರಿಸಿದ ಸಂದರ್ಭದೊಡನೆ ಓದುವುದು ಇಂದಿನ ಸಂಶೋಧಕರ ಹೊಣೆಯಾಗಿದೆ.