ಮೇ ತಿಂಗಳ ಮಳೆಯೂ ಗೇರುಬೀಜದ ಲೆಕ್ಕವೂ

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಮೇ ತಿಂಗಳ ಒಂದೇ ವಾರದೊಳಗೆ ಸುಡುಬಿಸಿಲು, ಮೋಡದ ಸೆಕೆ, ಸಂಜೆಯ ಗುಡುಗುಮಳೆ ಮೂರೂ ಬಂದುಹೋಗುವುದುಂಟು. ಗೇರುಬೀಜದ ಕಾರ್ಖಾನೆಗಳಿಗೆ ಇದು ಸ್ಥಳೀಯ ಖರೀದಿಯ ಕೊನೆಯ ಹಂತ. ಹಸಿಬೀಜವನ್ನು ಗೋದಾಮಿಗೆ ಸೇರಿಸುವ ಮೊದಲು ಎರಡು ಮೂರು ದಿನ ಅಂಗಳದಲ್ಲಿ ಒಣಗಿಸಬೇಕು. ತೇವ ಉಳಿದರೆ ಬೂಷ್ಟು ಹಿಡಿದು ತಿರುಳಿನ ದರ್ಜೆ ಇಳಿಯುತ್ತದೆ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತವು ಈ ತೀರಕ್ಕೆ ಭಾರಿ ಮಳೆ ತಂದಿತ್ತು.

ನಷ್ಟವು ಅಂಗಳದಲ್ಲಿಯೇ ಮುಗಿಯದು. ರೈತರಿಂದ ಕೊಂಡ ಬೀಜಕ್ಕೆ ನೋಂದಾಯಿತ ಖರೀದಿದಾರನೇ ಜಿಎಸ್‌ಟಿ ಪಾವತಿಸಿ ತೆರಿಗೆ ಜಮೆ ಪಡೆದಿರುತ್ತಾನೆ. ಸರಕು ನಾಶವಾದರೆ ಕಾಯಿದೆಯ 17(5)ನೇ ಕಲಮಿನನ್ವಯ ಆ ಜಮೆಯನ್ನು ಹಿಂದಿರುಗಿಸಬೇಕು. ಆದುದರಿಂದ ನೆನೆದ ಮೂಟೆಗಳನ್ನು ಅಂದೇ ಬೇರ್ಪಡಿಸಿ, ತೂಗಿ, ಮಾರಬಹುದಾದುದೆಷ್ಟು, ನಾಶವಾದುದೆಷ್ಟು ಎಂಬುದನ್ನು ದಾಸ್ತಾನು ಪುಸ್ತಕದಲ್ಲಿ ದಾಖಲಿಸುವುದು ಲೇಸು. ವಿಮಾಪತ್ರವು ಬಯಲಿನಲ್ಲಿರುವ ಸರಕನ್ನು ಒಳಗೊಂಡಿದೆಯೇ ಎಂಬುದನ್ನು ಏಪ್ರಿಲಿನಲ್ಲಿಯೇ ಪರಿಶೀಲಿಸತಕ್ಕದ್ದು.