‘ಅಯ್ಯೋ ಪಾಪ’ ಬೇಡ, ಎರಡು ಗಂಟೆ ಕೊಡಿ

ಪಕ್ಕದ ಮನೆಯಲ್ಲಿ ಡೌನ್ ಸಿಂಡ್ರೋಮ್ ಇರುವ ಮಗು ಇದೆಯಾ? ‘ಅಯ್ಯೋ ಪಾಪ’ ಅಂದು ಸುಮ್ಮನಾಗಬೇಡಿ. ಆ ತಾಯಿಗೆ ಬೇಕಿರುವುದು ಕನಿಕರವಲ್ಲ, ಒಂದಿಷ್ಟು ಬಿಡುವು.

ಇದು ಅಂಟುರೋಗವಲ್ಲ. ಜೀವಕೋಶಗಳಲ್ಲಿ 21ನೇ ಕ್ರೋಮೋಸೋಮ್ ಸಾಮಾನ್ಯವಾಗಿ ಎರಡರ ಬದಲು ಮೂರು ಇರುತ್ತದೆ, ಅಷ್ಟೇ. ಬಸುರಿದ್ದಾಗ ಅಮ್ಮ ಏನೋ ತಿಂದಳು, ಗ್ರಹಣ ನೋಡಿದಳು ಎಂಬುದೆಲ್ಲ ಸುಳ್ಳು. ಅವಳ ಅತ್ತೆಯ ಮುಂದೆ ಈ ಮಾತು ಹೇಳಿದರೆ ಅದೇ ದೊಡ್ಡ ಉಪಕಾರ.

‘ಏನಾದ್ರೂ ಬೇಕಿದ್ರೆ ಹೇಳ್ರೀ’ ಅಂದರೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ‘ಶನಿವಾರ ನಾಲ್ಕರಿಂದ ಆರರವರೆಗೆ ನಾನಿರ್ತೀನಿ, ನೀವು ಹೋಗಿಬನ್ನಿ’ ಅನ್ನಿ. ಹೇಳಿದ ಮೇಲೆ ತಪ್ಪಿಸಬೇಡಿ. ಮಗು ನಿಮ್ಮ ದಾರಿ ಕಾಯುತ್ತಿರುತ್ತದೆ.

ಅದರ ಜೊತೆ ಪುಟ್ಟ ಪುಟ್ಟ ವಾಕ್ಯಗಳಲ್ಲಿ ಮಾತಾಡಿ, ಉತ್ತರಕ್ಕೆ ಕಾಯಿರಿ. ಅಂಗಿಯ ಗುಂಡಿ ನೀವೇ ಹಾಕಿಬಿಡಬೇಡಿ, ಹೇಳಿಕೊಡಿ. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಸುಸ್ತಾದರೆ ಏನು ಮಾಡಬೇಕೆಂದು ಅಮ್ಮನನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಓಡಾಟಕ್ಕೂ ಜೊತೆಯಾಗಿ. ಅಂಗವಿಕಲರ ಗುರುತಿನ ಚೀಟಿ, 1 ಲಕ್ಷ ರೂ.ವರೆಗಿನ ‘ನಿರಾಮಯ’ ಆರೋಗ್ಯ ವಿಮೆಯ ಅರ್ಜಿ ತುಂಬಿಕೊಡಿ.

ಮಾರ್ಚ್ 21 ವಿಶ್ವ ಡೌನ್ ಸಿಂಡ್ರೋಮ್ ದಿನ. ಆದರೆ ಅಲ್ಲಿಯವರೆಗೆ ಯಾಕೆ ಕಾಯ್ತೀರಿ? ಈ ಶನಿವಾರವೇ ಆ ಮನೆಯ ಬಾಗಿಲು ತಟ್ಟಿ.