ಮಕ್ಕಳ ವಿದ್ಯೆಗೆ ಸಾಲ: ಸಹಿಗೆ ಮೊದಲು ಲೆಕ್ಕ

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದೊಡನೆ ಹೊರನಾಡಿನ ನಮ್ಮ ಜನರ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಮುಂದೇನು? ಡಾಕ್ಟರಾಗುವಷ್ಟು ಅಂಕಗಳಿರುವುದಿಲ್ಲ, ಅಂಕಗಳಿದ್ದರೂ ಹಣವಿರುವುದಿಲ್ಲ. ಆಗ ದೃಷ್ಟಿಯು ಪ್ಯಾರಾಮೆಡಿಕಲ್ ವ್ಯಾಸಂಗದ ಕಡೆಗೆ ಹೊರಳುತ್ತದೆ. ರಕ್ತಪರೀಕ್ಷೆ, ಎಕ್ಸ್‌ರೇ, ಡಯಾಲಿಸಿಸ್ ಮುಂತಾದ ವಿಭಾಗಗಳಲ್ಲಿ ದುಡಿಯುವ ತಂತ್ರಜ್ಞರಿಲ್ಲದೆ ಇಂದಿನ ಆಸ್ಪತ್ರೆಯು ಒಂದು ದಿನವೂ ನಡೆಯಲಾರದು. ಉದ್ಯೋಗವು ಗೌರವದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಖಾಸಗಿ ಕಾಲೇಜಿನ ಶುಲ್ಕಕ್ಕೆ ಸಾಲವನ್ನೇ ನಂಬಬೇಕಾದ ಹೋಟೆಲು ಕಾರ್ಮಿಕರೂ ಗುಮಾಸ್ತರೂ ಮೊದಲಾಗಿ ಕೇಳಿಕೊಳ್ಳಬೇಕಾದುದೊಂದಿದೆ. ಈ ಪದವಿಯಿಂದ ಬರುವ ಮೊದಲ ಸಂಬಳದಲ್ಲಿ ಅದರ ಸಾಲದ ಕಂತು ಸಂದಾಯವಾದೀತೇ?

ಹೋಟೆಲು ತೆರೆಯುವವನು ಪಗಡಿ ಕೊಡುವ ಮೊದಲು ಆ ಬೀದಿಯಲ್ಲಿ ನಿಂತು ಗಿರಾಕಿಗಳನ್ನು ಎಣಿಸುತ್ತಾನೆ. ಅದೇ ಮನುಷ್ಯನು ಮಗಳ ಕಾಲೇಜಿನ ಸಾಲಪತ್ರಕ್ಕೆ ಓದದೆಯೇ ರುಜು ಹಾಕುತ್ತಾನೆ. ವಿದ್ಯೆಗೆ ಲೆಕ್ಕ ಹಾಕುವುದು ಸಣ್ಣತನವೆಂಬ ಭಾವನೆಯೇ ಇದಕ್ಕೆ ಕಾರಣ. ನಾವು ಇದನ್ನು ಒಪ್ಪಲಾರೆವು.

ಉದಾಹರಣೆಗಾಗಿ, ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷಗಳಲ್ಲಿ 4 ಲಕ್ಷ ರೂಪಾಯಿ ಸಾಲ, ಬಡ್ಡಿ ಶೇಕಡಾ 10 ಎಂದಿಟ್ಟುಕೊಳ್ಳೋಣ. ವ್ಯಾಸಂಗದ ಅವಧಿಯಲ್ಲಿಯೂ ಅನಂತರದ ಒಂದು ವರ್ಷದಲ್ಲಿಯೂ ಕಂತು ಕಟ್ಟಬೇಕಾಗಿಲ್ಲ. ಕಂತಿಲ್ಲವೆಂದರೆ ಬಡ್ಡಿಯಿಲ್ಲವೆಂದಲ್ಲ. ಸಾಧಾರಣ ಬಡ್ಡಿಯೇ ಆದರೂ ಆ ಐದು ವರ್ಷಗಳಲ್ಲಿ 1,40,000 ರೂಪಾಯಿ ಬೆಳೆದಿರುತ್ತದೆ. ಕಂತು ಆರಂಭವಾಗುವ ದಿನ ಸಾಲವು 5,40,000 ರೂಪಾಯಿ. ಅದನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,136 ರೂಪಾಯಿ ಬೇಕು. ಹದಿನೈದು ವರ್ಷಗಳಿಗೆ ಹಂಚಿದರೆ ಕಂತು ಸುಮಾರು 5,800ಕ್ಕೆ ಇಳಿಯುತ್ತದೆ, ಆದರೆ ಒಟ್ಟಿನಲ್ಲಿ 1,88,000 ರೂಪಾಯಿಯಷ್ಟು ಹೆಚ್ಚು ತೆರಬೇಕಾಗುತ್ತದೆ.

ಇದಕ್ಕೆ ಪ್ರತಿಯಾಗಿ, ಮೊದಲ ವರ್ಷದಿಂದಲೇ ಬಡ್ಡಿಯನ್ನಷ್ಟೇ ಕಟ್ಟುತ್ತ ಬಂದರೆ ಹೇಗೆ? ಮೊದಲ ವರ್ಷ ತಿಂಗಳಿಗೆ 833 ರೂಪಾಯಿ, ನಾಲ್ಕನೆಯ ವರ್ಷಕ್ಕೆ ಅದು 3,333. ಭಾರವೇ ಸರಿ. ಆದರೆ ಮುಂದಿನ ಕಂತು 5,286ಕ್ಕೆ ನಿಲ್ಲುತ್ತದೆ. ಮೊದಲು ಕಟ್ಟಿದ 1,40,000 ರೂಪಾಯಿ ಹತ್ತು ವರ್ಷಗಳ ಕಂತುಗಳಲ್ಲಿ 2,22,000 ರೂಪಾಯಿಯನ್ನು ಉಳಿಸಿಕೊಡುತ್ತದೆ.

ಕಂತು ಮೊದಲ ಸಂಬಳದ ಕಾಲು ಪಾಲನ್ನು ಮೀರಬಾರದೆಂಬುದು ನಮ್ಮ ಅಭಿಪ್ರಾಯ. ಆ ಪ್ರಕಾರ 7,136 ರೂಪಾಯಿಯ ಕಂತಿಗೆ 28,500ರಷ್ಟು ಸಂಬಳ ಬೇಕು. 5,286ರ ಕಂತಿಗೆ 21,000 ಸಾಕು. ಹೊಸಬರಿಗೆ ಇಷ್ಟು ದೊರೆಯುವುದೇ ಎಂಬುದನ್ನು ಕಾಲೇಜಿನ ಜಾಹೀರಾತಿನಿಂದ ತಿಳಿಯಬಾರದು. ನಿಮ್ಮ ಓಣಿಯ ಪ್ರಯೋಗಾಲಯದಲ್ಲಿಯೂ ಹತ್ತಿರದ ಆಸ್ಪತ್ರೆಯಲ್ಲಿಯೂ ದುಡಿಯುವ ಹುಡುಗರನ್ನು ಕೇಳಿರಿ. ಎರಡು ವರ್ಷ ಹಿಂದೆ ಅದೇ ಕಾಲೇಜಿನಿಂದ ತೇರ್ಗಡೆಯಾದ ನಾಲ್ವರನ್ನು ಹುಡುಕಿ ವಿಚಾರಿಸಿರಿ.

ಎರಡನೆಯದು, ಸಂಸ್ಥೆಯ ಮಾನ್ಯತೆ. ಈ ವೃತ್ತಿಗಳನ್ನು ಕ್ರಮಪಡಿಸಲು ಸಂಸತ್ತು 2021ರಲ್ಲಿ ಕಾಯಿದೆಯನ್ನು ಮಾಡಿದೆ. ವೃತ್ತಿನಿರತರ ನೋಂದಣಿಯನ್ನು ಅದು ವಿಧಿಸುತ್ತದೆ. ದೊಡ್ಡ ಬೋರ್ಡು ಹಾಕಿದ ಮಾತ್ರಕ್ಕೆ ಅಲ್ಲಿಯ ಸರ್ಟಿಫಿಕೇಟು ನೋಂದಣಿಗೆ ಸಲ್ಲುವುದಿಲ್ಲ. ಪದವಿಯಾದರೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಅಥವಾ ನಾಸಿಕದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂತಹ ಸಂಸ್ಥೆಗಳ ಪಟ್ಟಿಯಲ್ಲಿ ಆ ಕಾಲೇಜಿನ ಹೆಸರೂ ಆ ವ್ಯಾಸಂಗದ ಹೆಸರೂ ಇವೆಯೇ ಎಂದು ನೋಡಿಕೊಳ್ಳತಕ್ಕದ್ದು. ಕರ್ನಾಟಕದ ಪ್ಯಾರಾಮೆಡಿಕಲ್ ಮಂಡಲಿಯ ಡಿಪ್ಲೊಮಾ ತರಗತಿಗಳು ಸರಕಾರಿ ವೈದ್ಯಕೀಯ ಕಾಲೇಜುಗಳಲ್ಲಿಯೂ ನಡೆಯುತ್ತವೆ. ಕಡಿಮೆ ಸಾಲದಲ್ಲಿ ಕೆಲಸ ಕಲಿಯಲು ಅದೂ ಒಂದು ದಾರಿ.

ಮೂರನೆಯದು, ಸಾಲದ ಷರತ್ತುಗಳು. 4 ಲಕ್ಷದವರೆಗಿನ ವಿದ್ಯಾಸಾಲಕ್ಕೆ ಬ್ಯಾಂಕುಗಳು ಅಡವು ಕೇಳುವಂತಿಲ್ಲ. ತಂದೆ ಅಥವಾ ತಾಯಿ ಜೊತೆ ಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಆದಕಾರಣ ಊರಿನ ಮನೆಯನ್ನಾಗಲಿ ಗದ್ದೆಯನ್ನಾಗಲಿ ಇದಕ್ಕಾಗಿ ಅಡವಿಡುವ ಅವಸರ ಬೇಡ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷವನ್ನು ಮೀರದಿದ್ದರೆ, ಕಂತಿಲ್ಲದ ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರಕಾರವೇ ಭರಿಸುವ ಯೋಜನೆ ಇದೆ. ಹಾಗಾದರೆ ಮೇಲಿನ 1,40,000 ರೂಪಾಯಿಯ ಹೊರೆ ಇಲ್ಲವಾಗುತ್ತದೆ. ಆದರೆ ಇದು ಎಲ್ಲ ಕಾಲೇಜುಗಳಿಗೂ ಅನ್ವಯಿಸದು. ನಡುವೆ ವ್ಯಾಸಂಗ ಬಿಟ್ಟವರಿಗೂ ದೊರೆಯದು. ಪ್ರವೇಶಕ್ಕೆ ಮೊದಲೇ ಬ್ಯಾಂಕಿನಲ್ಲಿ ಕೇಳಿ, ಆದಾಯದ ಪ್ರಮಾಣಪತ್ರವನ್ನು ಸಿದ್ಧಪಡಿಸಿಕೊಳ್ಳಬೇಕು.

ಕೊನೆಯದಾಗಿ, ತಂದೆಯ ವಯಸ್ಸು. ನಲವತ್ತೆಂಟರಲ್ಲಿ ಸಹಿ ಹಾಕಿದವನಿಗೆ ಐದು ವರ್ಷಗಳ ಬಿಡುವೂ ಹತ್ತು ವರ್ಷಗಳ ಕಂತೂ ಮುಗಿಯುವಾಗ ಅರುವತ್ತಮೂರು. ಮಗನಿಗೆ ಕೆಲಸ ದೊರೆಯದಿದ್ದರೆ ಬ್ಯಾಂಕಿನ ನೋಟೀಸು ತಂದೆಗೆ ಬರುತ್ತದೆ. ಒಲೆಯ ಮುಂದೆ ನಿಂತು ದುಡಿದ ದೇಹಕ್ಕೆ ಆ ವಯಸ್ಸಿನಲ್ಲಿ ಪಿಂಚಣಿಯ ಆಸರೆ ಇರುವುದು ಅಪರೂಪ.

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದವರು ನಮ್ಮಲ್ಲಿ ಅನೇಕರು. ಅವರ ಮಕ್ಕಳು ಇನ್ನೂ ಮುಂದೆ ಹೋಗಬೇಕು. ಸಾಲ ಮಾಡಿಯಾದರೂ ಹೋಗಬೇಕಾದರೆ ಹೋಗಲಿ. ಆದರೆ ಸಹಿ ಹಾಕುವ ಹಿಂದಿನ ರಾತ್ರಿ ತಂದೆ, ತಾಯಿ, ಮಕ್ಕಳು ಒಟ್ಟಿಗೆ ಕುಳಿತು, ಒಂದು ಹಾಳೆಯ ಎಡಕ್ಕೆ ಕಂತನ್ನೂ ಬಲಕ್ಕೆ ಕೇಳಿ ತಿಳಿದ ಸಂಬಳವನ್ನೂ ಬರೆದು ನೋಡಬೇಕೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ.